ದ್ಯಾಮವ್ವನ ಕರಿದ್ರಾಕ್ಷಿ

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದ ಕಥೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ಊಟಕ್ಕೆ ಉಪ್ಪಿನಕಾಯಿ ಸಿಗದಿರಲಿ. ನಡೆದದ್ದು ಸಿಂಗಾಪುರದಲ್ಲಿ, ಸೆಂಬವಾಂಗ್‌ನ ಒಂದು ಬ್ಲಾಕಿನ ಕೆಳಗೆ, ಹಾಡಹಗಲಲ್ಲಿ. ಸಾಕ್ಷಿ ಬೇಕಾದರೆ ಆ ಬ್ಲಾಕಿನ ಬೆಕ್ಕುಗಳನ್ನು ಕೇಳಿ.

ಪ್ರಣತಿ ಮೈಸೂರಿನ ಹುಡುಗಿ. ಟೋವಾ ಪಾಯೋದ ಆಫೀಸಿನಲ್ಲಿ ಕೆಲಸ. ಆ ಬ್ಲಾಕಿಗೆ ಶಿಫ್ಟ್ ಆಗಿ ಇನ್ನೂ ವಾರವಾಗಿರಲಿಲ್ಲ. ಅವತ್ತು ಎಂಆರ್‌ಟಿ ರೈಲಿಳಿದು ನಡೆದು ಬರುವಾಗ ಮಳೆ ಹಿಡಿಯಿತು. ಬ್ಲಾಕಿನ ಕೆಳಗಿನ ಖಾಲಿ ಅಂಗಳ, ಅಂದರೆ ವಾಯ್ಡ್ ಡೆಕ್ ಪಕ್ಕದ ಕಮ್ಯುನಿಟಿ ಗಾರ್ಡನ್‌ನಲ್ಲಿ ಕಟ್ಟಿದ್ದ ತಂತಿಯೊಂದಕ್ಕೆ ಒದ್ದೆ ಛತ್ರಿ ನೇತುಹಾಕಿ, ಬಗ್ಗಿ ಶೂ ಒರೆಸಿಕೊಳ್ಳುತ್ತಿದ್ದಳು.

"ಏ, ತೆಗೀರಿ ಅದನ್ನ! ಕುಡಿ ಮುರೀತೈತಿ!"

ಆ ದನಿಗೆ ಮರದ ಮೇಲಿದ್ದ ಮೈನಾಗಳು ಎದ್ದು ನೀರು ದಾಟಿ ಮಲೇಷ್ಯಾಕ್ಕೇ ಹೋಗಿಬಿಟ್ಟವು. ಪ್ರಣತಿ ಬೆಚ್ಚಿ ಎದ್ದಳು. ತಿರುಗಿ ನೋಡಿದರೆ ಹಡಗು ರಿಪೇರಿ ಯಾರ್ಡಿನ ನೀಲಿ ಬಟ್ಟೆ ತೊಟ್ಟ ಎತ್ತರದ ಹುಡುಗ. ಕಣ್ಣಲ್ಲಿ ಬೆಂಕಿ.

"ಒಂದು ಛತ್ರಿಗೆ ಇಷ್ಟೊಂದು ಕೂಗ್ತೀರಲ್ಲ" ಎಂದಳು.

ಅವನು ಗಕ್ಕನೆ ನಿಂತ. "ನೀವು... ಕನ್ನಡದವ್ರಾ?"

"ಇಲ್ಲ. ಬೈಗುಳ ಮಾತ್ರ ಅರ್ಥ ಆಗತ್ತೆ."

ಅವನ ಹೆಸರು ಬಸವಕಿರಣ. ವಿಜಯಪುರದ ಹತ್ತಿರ ತಿಕೋಟಾದವನು. ಸಂಕೋಚದಿಂದ ಕ್ಷಮೆ ಕೇಳಿ, ತಾನೇ ಛತ್ರಿ ಒಣಗಿಸಿಕೊಟ್ಟು, ತಂತಿಯ ಮೇಲಿದ್ದ ದ್ರಾಕ್ಷಿ ಬಳ್ಳಿಯ ಕಥೆ ಹೇಳಿದ.

ಅವನ ಅಜ್ಜಿ ದ್ಯಾಮವ್ವ ಒಂದು ಬೆಳಗ್ಗೆ ತೋಟಕ್ಕೆ ಹೋದಾಗ, ಹಸಿರು ದ್ರಾಕ್ಷಿಯ ಬಳ್ಳಿಯಲ್ಲಿ ಒಂದೇ ಒಂದು ಕಡ್ಡಿ ಕಪ್ಪು ಗೊಂಚಲು ಬಿಟ್ಟಿತ್ತು. ದೃಷ್ಟಿಯಾಗದಿರಲೆಂದು ಯಾರೋ ಮಸಿ ಬಳಿದಿದ್ದಾರೆ ಎಂದುಕೊಂಡು ಮನೆಯವರು ಹಣ್ಣು ತೊಳೆದೇ ತೊಳೆದರಂತೆ. ಬಣ್ಣ ಹೋಗಲಿಲ್ಲ. ದ್ಯಾಮವ್ವ ಆ ಕಡ್ಡಿಯಿಂದ ಒಂದು ಸಾಲು ಬಳ್ಳಿ ಎಬ್ಬಿಸಿದಳು. ನಂದಿ ಬೆಟ್ಟದ ಕಡೆ ವೈನ್ ಮಾಡುವ ಭಾನುಮತಿ ಎಂಬಾಕೆ ಒಂದು ಸುಗ್ಗಿಯ ಹಣ್ಣು ಒಯ್ದು ವೈನ್ ಮಾಡಿ, ಮೊದಲ ಗುಟುಕಿಗೆ ಕುರ್ಚಿಯಿಂದ ಎದ್ದು ನಿಂತವಳು ಸಂಜೆಯವರೆಗೂ ಕೂರಲಿಲ್ಲವಂತೆ. ದ್ಯಾಮವ್ವನದು ಹೆಂಡದ ವಾಸನೆ ಬಂದರೆ ಬೀದಿ ಬದಲಿಸುವ ಮನೆತನ. ಅಲ್ಲೇ ಹುಟ್ಟಿತ್ತು ವೈನಿಗೆ ಹೇಳಿ ಮಾಡಿಸಿದ ಹಣ್ಣು!

ಅಷ್ಟರಲ್ಲಿ ಹೆದ್ದಾರಿ ಅಗಲವಾಯಿತು. ಆ ಸಾಲು ಪೂರ್ತಿ ಡಾಂಬರಿನ ಕೆಳಗೆ ಹೋಯಿತು. ಅಜ್ಜಿಯ ತೋಟದ ನೆನಪಿಗೆಂದು ಬಸವಕಿರಣ ಕಾಗದಪತ್ರ ಮಾಡಿಸಿ ತಂದು ನೆಟ್ಟಿದ್ದ ಈ ಒಂದು ಬಳ್ಳಿ ಮಾತ್ರ ಭೂಮಿಯ ಮೇಲೆ ಉಳಿದಿತ್ತು.

ಭಾನುಮತಿಯದು ಒಂದೇ ಷರತ್ತು. ಹಣ್ಣು ಬಿಟ್ಟ ಬಳ್ಳಿಯನ್ನು ಕಣ್ಣಾರೆ ತೋರಿಸಬೇಕು. ತೋರಿಸಿದರೆ ಎರಡು ಎಕರೆ ಕೊಡುತ್ತಾಳೆ, ಅವನೇ ಬಂದು ಬೆಳೆಸಬೇಕು. ವರ್ಷದ ಕೊನೆಗೆ ಸಿಂಗಾಪುರಕ್ಕೆ ಬರುವವಳಿದ್ದಳು. ಅದೇ ಕೊನೆಯ ಅವಕಾಶ, ಯಾಕೆಂದರೆ ಆಮೇಲೆ ಕಂಪನಿ ಅವನನ್ನು ಕೊರಿಯಾದ ಯಾರ್ಡಿಗೆ ಕಳಿಸುತ್ತಿತ್ತು, ಗಾರ್ಡನ್‌ನ ಜಾಗ ಬೇರೆಯವರ ಪಾಲಾಗುತ್ತಿತ್ತು.

ಆದರೆ ಬಳ್ಳಿ ಇಲ್ಲಿ ಪ್ರತಿ ವರ್ಷ ಎಲೆ ಬಿಡುತ್ತಿತ್ತೇ ಹೊರತು ಒಂದು ಕಾಯಿ ಬಿಟ್ಟಿರಲಿಲ್ಲ.

ಪ್ರಣತಿ ದಿನವೂ ನೀರು ಹಾಕಲು ಬರತೊಡಗಿದಳು. ಬಳ್ಳಿಗೆಂದು ಬಂದವಳು ಬಳ್ಳಿಯ ಯಜಮಾನನನ್ನು ನೋಡುತ್ತ ನಿಲ್ಲತೊಡಗಿದಳು. ಅವನು ವಿಡಿಯೋ ಕಾಲ್‌ನಲ್ಲಿ ದ್ಯಾಮವ್ವನ ಪರಿಚಯ ಮಾಡಿಸಿದ. ಅಜ್ಜಿಗೂ ಹುಡುಗಿಗೂ ಎಷ್ಟು ಕುದುರಿತೆಂದರೆ ಅವನಿಗೇ ಫೋನ್ ವಾಪಸ್ ಸಿಗುತ್ತಿರಲಿಲ್ಲ.

ಒಳಗೊಳಗೇ ಅವಳಿಗೆ ಭಯ. 'ಹಣ್ಣಾದರೆ ನಂದಿಗೆ ಹೋಗುತ್ತಾನೆ. ಆಗದಿದ್ದರೆ ಕೊರಿಯಾಕ್ಕೆ. ಹೇಗಿದ್ದರೂ ಹೋಗುತ್ತಾನೆ... ಹೋಗುವ ಮುಂಚೆ, ನೀನೂ ಬಾ ಅನ್ನುತ್ತಾನಾ?'

ಅನ್ನುವಂತೆ ಕಾಣಲಿಲ್ಲ. ಗೆಳತಿ ನಿಶ್ಚಿತಾಳ ಹುಟ್ಟುಹಬ್ಬದಲ್ಲಿ ಪ್ರಣತಿ ಎಲ್ಲರೆದುರು ಅವನ ಮಾತಿನ ಧಾಟಿಯನ್ನು ಅಣಕಿಸಿ ನಗಿಸಿದ್ದಳು. ಅವನೂ ನಕ್ಕಿದ್ದ. ಅವನ ತುಟಿ ಮಾತ್ರ ನಕ್ಕಿತ್ತೆಂಬುದನ್ನು ಅವಳು ಗಮನಿಸಿರಲಿಲ್ಲ.

ಆಗಸ್ಟಿನಲ್ಲಿ ಅವನು ರಿಪೇರಿಯಾದ ಹಡಗಿನ ಪರೀಕ್ಷೆಗೆಂದು ಸಮುದ್ರಕ್ಕೆ ಹೋದ. ಹೋದ ಕೆಲಸ ಮುಗಿಯಲಿಲ್ಲ. ಒಂದು ಮಧ್ಯಾಹ್ನ ಫೋನ್ ಬಂತು. ಹಿಂದೆ ಇಂಜಿನ್ನಿನ ಗುಡುಗು.

"ಪ್ರಣತಿ, ನಾ ಬರೂದು ತಡಾ ಆಗತೈತಿ. ಬಳ್ಳಿದು ಚಾಟ್ನಿ ಮಾಡ್ಬಿಡ್ರಿ. ಒಂದು ಎಲಿನೂ ಉಳೀಬಾರದು..."

ಲೈನ್ ಕಟ್ಟಾಯಿತು. ಮತ್ತೆ ಸಿಗಲೇ ಇಲ್ಲ.

ತಿಕೋಟಾದ ಕಡೆ ದ್ರಾಕ್ಷಿ ಬೆಳೆಯುವವರ ಬಾಯಲ್ಲಿ ಚಾಟ್ನಿ ಅಂದರೆ ಕಡ್ಡಿಗಳನ್ನು ಕತ್ತರಿಸಿ ಎಲೆ ತೆಗೆಯುವುದು. ಈಗ ನಿಮಗೆ ಗೊತ್ತಾಯಿತು. ಪ್ರಣತಿಗೆ ಯಾರು ಹೇಳಬೇಕು? ಎಲ್ಲಿಗೆ ಕತ್ತರಿಸಬೇಕೆಂದು ಅವನು ಒಂದೊಂದು ಕಡ್ಡಿಗೂ ಕೆಂಪು ದಾರ ಕಟ್ಟಿಟ್ಟಿದ್ದ. ಅದನ್ನವಳು ಬಳ್ಳಿಗೆ ಕಟ್ಟಿದ ಹರಕೆ ಎಂದುಕೊಂಡಿದ್ದಳು.

'ಸಮುದ್ರದ ಮಧ್ಯೆ ನಿಂತು ನನ್ನ ಕೈಯಲ್ಲಿ ಚಟ್ನಿ ಕೇಳ್ತಿದ್ದಾನೆ!' ಅವಳ ಕೆನ್ನೆ ಬಿಸಿಯಾಯಿತು.

ಕಡ್ಡಿ ಮುಟ್ಟದೆ, ಒಂದೊಂದೇ ಎಲೆ ಬಿಡಿಸಿದಳು. ಬೆಳ್ಳುಳ್ಳಿ, ಹುಣಸೆ, ಹಸಿಮೆಣಸು ಹಾಕಿ ರುಬ್ಬಿ ಒಗ್ಗರಣೆ ಕೊಟ್ಟಳು. ಆ ಒಗ್ಗರಣೆಯ ಘಾಟಿಗೆ ಮೇಲಿನ ಮಹಡಿಯ ಚೀನಿ ಅಜ್ಜಿ ಸೀನಿದ್ದು ದ್ವೀಪದ ಆ ತುದಿಯ ಜುರಾಂಗ್ ವೆಸ್ಟ್‌ವರೆಗೆ ಕೇಳಿಸಿತಂತೆ.

ಬಸವಕಿರಣ ಮರಳಿ ಬಂದಾಗ ಅವಳು ಡಬ್ಬಿ ಹಿಡಿದು ಗಾರ್ಡನ್‌ನಲ್ಲೇ ಕಾಯುತ್ತಿದ್ದಳು. ಅವನು ಬಳ್ಳಿಯನ್ನು ನೋಡಿದ. ಬತ್ತಲಾಗಿ ನಿಂತಿದ್ದ, ಯಾರೂ ಕತ್ತರಿಸದ ಉದ್ದುದ್ದ ಕಡ್ಡಿಗಳು. ಕಡ್ಡಿಯ ಗಿಣ್ಣುಗಳಲ್ಲಿ ಆಗಲೇ ಚಿಗುರು ಒಡೆದಿತ್ತು. ಇನ್ನು ಕತ್ತರಿಸಿ ಮತ್ತೆ ಮೊದಲಿಂದ ಚಿಗುರಿಸಲು ವರ್ಷದಲ್ಲಿ ಸಮಯ ಉಳಿದಿರಲಿಲ್ಲ.

"ಇದೇನಿದು?" ಎಂದ ಡಬ್ಬಿ ನೋಡಿ.

"ಚಟ್ನಿ. ನೀವೇ ಹೇಳಿದ್ರಲ್ಲ..."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಿಶ್ಚಿತಾ ಮನ್ಯಾಗ ನಕ್ಕಿದ್ದು ಸಾಲಲಿಲ್ಲೇನ್ರಿ? ನಮ್ಮ ಅಜ್ಜಿ ಬಳ್ಳಿ ಮ್ಯಾಲೂ ಚ್ಯಾಷ್ಟಿ ಮಾಡಬೇಕಿತ್ತ?"

ಡಬ್ಬಿ ಅವಳ ಕೈಯಲ್ಲೇ ಉಳಿಯಿತು. ಅವನು ಹೊರಟುಹೋದ. ಕೊರಿಯಾಕ್ಕೆ ಒಪ್ಪಿಕೊಂಡನೆಂದು ಎರಡು ದಿನ ಬಿಟ್ಟು ನಿಶ್ಚಿತಾಳಿಂದ ತಿಳಿಯಿತು.

ಪ್ರಣತಿ ಅತ್ತಳು. ಅತ್ತರೂ ನೀರು ಹಾಕುವುದು ಬಿಡಲಿಲ್ಲ. ತಾನು ಮಾಡಿದ ತಪ್ಪೇನೆಂದೇ ಗೊತ್ತಿಲ್ಲದೆ ಶಿಕ್ಷೆ ಅನುಭವಿಸುವುದು ಎಷ್ಟು ಕಷ್ಟ...

ಒಂದು ಬೆಳಗ್ಗೆ ಕಡ್ಡಿಗಳ ತುದಿಯಲ್ಲಿ ಏನೋ ಕಂಡಿತು. ಹಸಿರು ಸಾಸಿವೆ ಕಾಳು ಪೋಣಿಸಿದ ಹಾಗೆ. ರೋಗವೋ ಹುಳುವೋ ಎಂದು ಹೆದರಿ ದ್ಯಾಮವ್ವನಿಗೆ ಫೋನ್ ಮಾಡಿ, ಎಲ್ಲವನ್ನೂ ಹೇಳಿ, ಕ್ಯಾಮೆರಾ ತಿರುಗಿಸಿದಳು.

ದ್ಯಾಮವ್ವ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ಯವ್ವಾ, ಚಾಟ್ನಿ ಕತ್ತರಿಲೇ ಮಾಡ್ತಾರವಾ, ಮಿಕ್ಸರಿನ್ಯಾಗ ಅಲ್ಲ" ಎಂದಳು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ನಗು ನಿಂತಿತು. "ತಂಗಿ... ಅದು ಗೊಂಚಲ ಐತಿ."

ಪ್ರಣತಿ ಬಗ್ಗಿ ನೋಡಿದಳು. ಗೊಂಚಲುಗಳೆಲ್ಲ ಕೆಂಪು ದಾರದ ಆಚೆ ಇದ್ದವು. ದಾರದ ಈಚೆ ಬರೀ ಎಲೆ.

ತಕ್ಷಣ ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಫೋಟೋ ಕಳಿಸಿದಳು. ನೋಡಲಿಲ್ಲ. ಹಡಗಿನ ಹೊಟ್ಟೆಯೊಳಗೆ ಫೋನ್ ಒಯ್ಯುವಂತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಮೆಷಿನ್ ಗುರುಗುಟ್ಟಿತು. ದಾರಿಗೆ ಚಾಚಿದ ಗಿಡಗಳನ್ನು ಕತ್ತರಿಸುವ ಕೆಲಸಗಾರರು ಬಂದಿದ್ದರು. ಬಳ್ಳಿಯ ಉದ್ದ ಕಡ್ಡಿಗಳು ಬೇಲಿ ದಾಟಿ ದಾರಿಯ ಮೇಲೆ ತೂಗುತ್ತಿದ್ದವು. ಗೊಂಚಲುಗಳಿದ್ದದ್ದೂ ಅಲ್ಲೇ.

"ಮಿಸ್, ಫೈವ್ ಮಿನಿಟ್ಸ್ ಓನ್ಲಿ ಲಾ" ಎಂದ ಮೇಸ್ತ್ರಿ.

ಪ್ರಣತಿ ಓಡಿಹೋಗಿ ಕಡ್ಡಿಗಳನ್ನೆಲ್ಲ ಬಾಚಿ ಎತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡು ಬೇಲಿಗೆ ಬೆನ್ನು ಕೊಟ್ಟು ನಿಂತಳು. ಈಗ ದಾರಿಯ ಮೇಲೆ ಗಿಡವಿಲ್ಲ, ನಾನಿದ್ದೇನೆ, ನನ್ನನ್ನು ಕತ್ತರಿಸಲು ಆರ್ಡರ್ ಇದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೇಸ್ತ್ರಿ ತಲೆ ಕೆರೆದುಕೊಂಡ. ಊಟ ಮಾಡಿ ಬರುತ್ತೇನೆ, ಅಷ್ಟರಲ್ಲಿ ಒಳಗೆ ಕಟ್ಟಿಕೊಳ್ಳಿ ಎಂದು ಹೋದ.

ಕಟ್ಟಲು ಹಗ್ಗವಿರಲಿಲ್ಲ. ಬಿಟ್ಟರೆ ಎಳೆಯ ಗೊಂಚಲು ಮುರಿಯುತ್ತದೆ. ಬಿಸಿಲು ನೆತ್ತಿಗೆ ಬಂತು. ತೋಳು ಸೋಲತೊಡಗಿದವು.

'ಇದು ಉಳಿದರೂ ನನಗೆ ಅವನು ಸಿಗೋದಿಲ್ಲ' ಎಂದುಕೊಂಡಳು. ಕೈ ಮಾತ್ರ ಬಿಡಲಿಲ್ಲ.

ಅತ್ತ ಯಾರ್ಡಿನಲ್ಲಿ ಊಟದ ಗಂಟೆ ಹೊಡೆದು ಫೋನ್ ಕೈಗೆ ಬಂದದ್ದೇ ದ್ಯಾಮವ್ವ ಚಟ್ನಿಯ ಕಥೆಯನ್ನೆಲ್ಲ ಹೇಳಿ ಮೊಮ್ಮಗನ ಕಿವಿಗೆ ಕಾದ ಎಣ್ಣೆ ಹೊಯ್ದಿದ್ದಳು. ಬಸವಕಿರಣ ಹೆಲ್ಮೆಟ್ ತೆಗೆಯದೆ, ಕಬ್ಬಿಣದ ಮೂತಿಯ ಬೂಟಿನಲ್ಲೇ ಯಾರ್ಡಿನಿಂದ ಓಡಿಬಂದ. ಬಸ್ಸೊಂದನ್ನು ಹಿಂದೆ ಹಾಕಿದನೆಂದು ಡ್ರೈವರೇ ಹೇಳಿದ್ದಾನೆ.

ಬಂದವನು ಅವಳ ಹೆಗಲ ಮೇಲಿನ ಗೊಂಚಲು ನೋಡಿದ. ಕೆಂಪು ದಾರ ನೋಡಿದ. ಮತ್ತೆ ಗೊಂಚಲು.

"ಇಷ್ಟು ವರ್ಷ ನಾನಽ ಹಣ್ಣು ಬಿಡೂ ತುದಿ ಕತ್ತರಿಸಿ ಒಗೀತಿದ್ದೆ" ಎಂದ ಮೆಲ್ಲಗೆ. "ಪ್ರಣತಿ, ನಾ ಅವತ್ತು..."

"ಮೊದಲು ಹಗ್ಗ ತಗೊಂಡು ಬನ್ನಿ. ಕೈ ಬಿದ್ದುಹೋಗ್ತಿದೆ."

ಇಬ್ಬರೂ ಸೇರಿ ಕಟ್ಟಿದರು. ಕೊನೆಯ ಗಂಟು ಹಾಕುವಾಗ ಅವಳೇ ಹೇಳಿದಳು. "ಚಟ್ನಿ ತಮಾಷೆಗೆ ಮಾಡಿದ್ದಲ್ಲ. ನಿಶ್ಚಿತಾ ಮನೇಲಿ ನಕ್ಕಿದ್ದು ಮಾತ್ರ ನಿಜ. ಅದು ನಿಮಗೆ ನೋವಾಗತ್ತೆ ಅಂತ ಯೋಚ್ನೆನೇ ಮಾಡ್ಲಿಲ್ಲ. ಸಾರಿ."

ಅವನು ಅವಳ ಹೆಗಲ ಮೇಲೆ ಅಂಟಿದ್ದ ಬಳ್ಳಿಯ ನಾರನ್ನು ತೆಗೆದ, ಅಷ್ಟೇ.

ಡಿಸೆಂಬರಿನಲ್ಲಿ ಗೊಂಚಲು ಕಪ್ಪಾದವು. ಭಾನುಮತಿ ಬಂದಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬೀಜ ಕಡಿದಳು. ಸಿಪ್ಪೆ ಅಗಿದಳು. ಆ ಬ್ಲಾಕಿನ ಲಿಫ್ಟ್ ಕೂಡ ನಡುವೆ ಕಾದು ನಿಂತಿತು.

"ಇದೇ" ಎಂದಳು ಭಾನುಮತಿ ಕೊನೆಗೆ. "ಯಾವಾಗ ಬರ್ತೀರಾ, ಬಸವಕಿರಣ್?"

ಬಳ್ಳಿ ಗೆದ್ದಿತ್ತು. ಹೋಗುವ ದಾರಿ ತೆರೆದಿತ್ತು. ಪ್ರಣತಿ ಬಲವಂತದಿಂದ ನಕ್ಕು, ನೀರಿನ ಪೈಪು ಸುತ್ತುವ ನೆಪದಲ್ಲಿ ಪಕ್ಕಕ್ಕೆ ಸರಿದಳು. ಬೂಟಿನ ಸದ್ದು ಅವಳ ಹಿಂದೆಯೇ ಬಂತು.

"ಆಂಟಿಗೆ ಉತ್ತರ ಹೇಳೋದು ಬಿಟ್ಟು ಇಲ್ಲೇನು?" ಎಂದಳು ತಿರುಗದೆ.

"ನಿನ್ನ ಉತ್ತರ ಸಿಗೂತನಕ ನನ್ನ ಕಡೆ ಉತ್ತರ ಇಲ್ಲ."

'ನೀನು' ಅಂದಿದ್ದ. ಮೊದಲ ಸಲ.

"ನೀವಿನ್ನೂ ಏನೂ ಕೇಳೇ ಇಲ್ವಲ್ಲ..."

"ನನ್ನ ಜೋಡಿ ಬರ್ತೀಯೇನು? ನನಗ ನೀ ಬೇಕು, ಪ್ರಣತಿ. ನೀ ಬ್ಯಾಡ ಅಂದ್ರ ಎರಡು ಎಕರೆನೂ ಬ್ಯಾಡ."

"ಯೋಚನೆ ಮಾಡ್ಬೇಕು."

ಅವನ ಮುಖ ಇಳಿಯಿತು. "ಎಷ್ಟು ದಿನ?"

"ಆಯ್ತು. ಮಾಡ್ದೆ. ಬರ್ತೀನಿ."

ಅವನು ನಗುತ್ತ ಅವಳ ಕೈಯಿಂದ ಪೈಪು ಬಿಡಿಸಿ ಕೆಳಗಿಟ್ಟು, ಖಾಲಿಯಾದ ಕೈಯನ್ನು ಹಿಡಿದುಕೊಂಡ.

ಈಗ ನಂದಿಯ ತಪ್ಪಲಿನಲ್ಲಿ ದ್ಯಾಮವ್ವನ ಕರಿದ್ರಾಕ್ಷಿ ಎರಡು ಎಕರೆ ತುಂಬಿ ಬೇಲಿ ಹಾರುತ್ತಿದೆ. ಅಕ್ಕಪಕ್ಕದ ಊರಿನವರು ಕಡ್ಡಿ ಕೊಡಿ ಎಂದು ಸಾಲು ನಿಲ್ಲುತ್ತಾರೆ. ಯಾರು ಬಂದರೂ ಪ್ರಣತಿ ಹೇಳುವುದು ಒಂದೇ: ಉದ್ದ ಬಿಡಿ, ಅವಸರಪಟ್ಟು ಕತ್ತರಿಸಬೇಡಿ.

ಕಥೆ ಮುಗಿಯಿತು. ನಂಬಿದವರು ನನಗೊಂದು ಕಾಫಿ ಹೇಳಿ. ನಂಬದವರು ಎರಡು ಹೇಳಿ, ನಿಮ್ಮನ್ನು ನಂಬಿಸುವಷ್ಟರಲ್ಲಿ ನನ್ನ ಗಂಟಲು ಇನ್ನೂ ಒಣಗುತ್ತದೆ.