ಅಡವಯ್ಯ ಮೇಷ್ಟ್ರ ದನಿ ಕಾಣೆಯಾದದ್ದು

ಭುವನಾ ಬರಿಗಾಲಲ್ಲಿ ಓಡಿಬಂದ ಆ ಬೆಳಿಗ್ಗೆ ಬಸವೇಶ ತನ್ನ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. ಮುಂದಿನ ಬೆಂಚಿನ ಮೇಲೆ ಪೆದ್ದಣ್ಣನವರು ಪೇಪರ್ ಹಿಡಿದು ಕೂತಿದ್ದರು. ಹುಡುಗಿ ಮೆಟ್ಟಿಲ ಬಳಿಯೇ ನಿಂತು, "ಚಿಕ್ಕಪ್ಪ, ಅಪ್ಪನ ದನಿ ಹೋಯ್ತು," ಎಂದಳು. 

ಬಸವೇಶ ಊದುಬತ್ತಿ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದ. ಅವಳಪ್ಪ ಅಡವಯ್ಯ ಮೇಷ್ಟ್ರು ಪಕ್ಕದ ಬೀದಿಯವರು, ಸಂಜೆಯ ಟೀಗೆ ಅವನ ಜೊತೆಗಾರರು. ಅವರು ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮೇಷ್ಟ್ರು ಮನೆಯ ಡೆಸ್ಕ್‌ಟಾಪಿನ ಮುಂದೆ ಕೂತು ಸಮಾಜ ವಿಜ್ಞಾನದ ಪಾಠಗಳನ್ನು ಮೈಕಿನಲ್ಲಿ ಹೇಳಿ, ದೊಡ್ಡೇರಿ ಕಡೆಯ ಮಕ್ಕಳ ಫೋನುಗಳಿಗೆ ಕಳಿಸುತ್ತಿದ್ದರು. ಮಕ್ಕಳು ಪಾಸಾಗಿ ಹೋದರು, ಫೋನುಗಳು ಕೆಟ್ಟವು. ದನಿ ಉಳಿದದ್ದು ಆ ಹಳೆಯ ಪೆಟ್ಟಿಗೆಯಲ್ಲಿ ಮಾತ್ರ.

ಪೆದ್ದಣ್ಣನವರು ಪೇಪರ್ ಮಡಿಸಿದರು. ಅವರು ಪಾವಗಡದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುವವರು, ಪೊಲೀಸಿನಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ರಿಟೈರಾಗಿ ಮಧುಗಿರಿಯಲ್ಲೇ ನೆಲೆಸಿದವರು. ಹೆಸರು ಕೇಳಿ ಮುಸಿಮುಸಿ ನಕ್ಕ ಕಳ್ಳರೆಲ್ಲ ಆಮೇಲೆ ಲಾಕಪ್ಪಿನಲ್ಲಿ ಕೂತು ತಲೆ ಕೆರೆದುಕೊಂಡದ್ದುಂಟು. ರಿಟೈರಾದರೂ ಊರು ಅವರನ್ನು ಬಿಡಲಿಲ್ಲ. ಉಂಗುರ ಕಳೆದರೂ ಎಮ್ಮೆ ಕಳೆದರೂ ಜನ ಮೊದಲು ಬರುತ್ತಿದ್ದುದು ಈ ಬೆಂಚಿಗೆ. ಅವರು ಹೋದಲ್ಲೆಲ್ಲ ಬಸವೇಶನೂ ಬಾಲದ ಹಾಗೆ ಹೋಗುತ್ತಿದ್ದ. ಅಂಗಡಿ ಯಾರು ನೋಡಬೇಕು ಎಂದು ಹೆಂಡತಿ ಬೈದರೆ, ಜೆರಾಕ್ಸ್ ನಾಳೆಯೂ ತೆಗೆಯಬಹುದು ಎನ್ನುತ್ತಿದ್ದ.

"ಮೊದ್ಲಿಂದ ಹೇಳಮ್ಮ, ನಿಧಾನಕ್ಕೆ," ಎಂದರು ಪೆದ್ದಣ್ಣನವರು.

ಮೊದಲಿನದು ಬಸವೇಶನಿಗೂ ಗೊತ್ತಿತ್ತು. ಭುವನಾಳಿಗೆ ತುಮಕೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ದೀಪಾವಳಿ ಕಳೆದರೆ ಹಾಸ್ಟೆಲಿಗೆ ಹೊರಡುವವಳು, ಲ್ಯಾಪ್‌ಟಾಪ್ ಬೇಕಿತ್ತು. ಹಿಂದಿನ ದಿನ ಅವಳು, ತಾಯಿ ಸರೋಜಮ್ಮ, ಬಸವೇಶ ಮೂವರೂ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಧ ದಿನ ಕಳೆದಿದ್ದರು. ಅಲ್ಲಿನ ಮೆಕ್ಯಾನಿಕ್ ನವೀನ್ ಕುಮಾರ್ ಒಂದೊಂದನ್ನೂ ತೆರೆದು ತೋರಿಸಿದ. ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕನ್ನಡ ಟೈಪಿಂಗ್ ಹೇಗೆ ಎಂದು ಭುವನಾ ಕೇಳಿದ್ದೇ ಕೇಳಿದ್ದು. ಕೊನೆಗೆ ಉಳಿದವು ಎರಡು. ಒಂದು ಕಪ್ಪನೆಯದು, ದಪ್ಪ, ಭಾರ. ಇನ್ನೊಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಬೆಲೆ ಜಾಸ್ತಿ. ಹುಡುಗಿಯ ಕಣ್ಣು ಬೆಳ್ಳಿಯದರ ಮೇಲೇ ಇತ್ತು. ಹಳೆಯ ಡೆಸ್ಕ್‌ಟಾಪನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಹಬ್ಬದ ಆಫರಿನಲ್ಲಿ ಅದೂ ಕೈಗೆಟುಕುತ್ತದೆ ಎಂದ ನವೀನ್. ಅಷ್ಟು ಹೊತ್ತೂ ಸುಮ್ಮನಿದ್ದ ಸರೋಜಮ್ಮ ಅದನ್ನು ಅಂಗೈ ಮೇಲಿಟ್ಟು ತೂಗಿ ನೋಡಿ, "ಇಷ್ಟು ಹಗೂರ್ಕೈತಾ? ಇದು ಒಂದು ಕಡೆ ಇರಾದಲ್ಲ ಬುಡು," ಎಂದಿದ್ದರು. ಅಂಗಡಿಯವರೆಲ್ಲ ನಕ್ಕಿದ್ದರು. ಬಸವೇಶನೂ ನಕ್ಕಿದ್ದ.

ಸಂಜೆ ನವೀನ್ ಮನೆಗೆ ಬಂದು ಹಳೆಯದನ್ನು ಆನ್ ಮಾಡಿ ನೋಡಿದ. ಚೆನ್ನಾಗೇ ಇತ್ತು. ಬೆಳಿಗ್ಗೆ ಬಂದು ಪಾಠಗಳನ್ನು ಹೊಸದಕ್ಕೆ ಹಾಕಿಕೊಟ್ಟು ಪೆಟ್ಟಿಗೆ ಒಯ್ಯುತ್ತೇನೆಂದು ಹೇಳಿಹೋದ. ಆಮೇಲೆ ಸರೋಜಮ್ಮನ ತಮ್ಮ ಕುಮಾರಸ್ವಾಮಿ ಹೊಳವನಹಳ್ಳಿಯಿಂದ ಬಂದಿಳಿದ. ಡೆಸ್ಕ್‌ಟಾಪನ್ನು ಯಾರಿಗೋ ಕೊಡುವ ಬದಲು ತನ್ನ ಬೀಜ ಗೊಬ್ಬರದ ಅಂಗಡಿಗೆ ಕೊಡಬಾರದೇ ಎಂದು ರಂಪ ಮಾಡಿ, ಅದರಿಂದಲೇ ಒಂದು ಅರ್ಜಿ ಪ್ರಿಂಟ್ ಹಾಕಿಸಿಕೊಂಡು, ಉಂಡು ಅಲ್ಲೇ ಮಲಗಿದ.

ಬೆಳಿಗ್ಗೆ ನವೀನ್ ಬಂದು ಸ್ವಿಚ್ ಒತ್ತಿದರೆ ಕಂಪ್ಯೂಟರ್ ಶುರುವಾಗಲೇ ಇಲ್ಲ. ಭುವನಾ ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಪೆಟ್ಟಿಗೆ ಬಿಚ್ಚಿಕೊಂಡು ಬೆಪ್ಪಾಗಿ ಕೂತಿದ್ದ. ಕಂಪ್ಯೂಟರಿನ ನೆನಪೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದಿರಬೇಕಾದ ಜಾಗವೇ ಖಾಲಿಯಾಗಿತ್ತು.

"ಕುಮಾರಮಾವ ನವೀನಣ್ಣನ ಮೇಲೆ ಬಿದ್ದವ್ರೆ. ಪೊಲೀಸ್ಗೆ ಹೇಳ್ತೀನಿ, ಅಂಗಡಿಯಿಂದ ಓಡಿಸ್ತೀನಿ ಅಂತಾವ್ರೆ," ಎಂದಳು ಭುವನಾ. "ನಂಗೆ ಲ್ಯಾಪ್‌ಟಾಪೂ ಬ್ಯಾಡ ತಾತ. ಅಪ್ಪ ಹೆಂಗೆ ಪಾಠ ಹೇಳ್ತಿದ್ರು ಅಂತ ಕೇಳ್ಕಂಡೇ ನಾನೂ ಮೇಷ್ಟ್ರಾಗಬೇಕು ಅಂತಿದ್ದೆ. ಅದೊಂದು ಸಿಕ್ಕಿದ್ರೆ ಸಾಕು."

ಮನೆಯಲ್ಲಿ ಕುಮಾರಸ್ವಾಮಿ ಬಾಗಿಲಿಗೆ ಅಡ್ಡ ನಿಂತಿದ್ದ. ನವೀನನ ಅಂಗಿಯ ತೋಳಿಗೆಲ್ಲ ಬಿಳಿ ಪುಡಿ ಮೆತ್ತಿತ್ತು. ಅದನ್ನೇ ತೋರಿಸಿ, ಪೆಟ್ಟಿಗೆಯೊಳಗೆ ಕೈಯಾಡಿಸಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಕುಮಾರಸ್ವಾಮಿ ಕೂಗಾಡಿದ. ಪೊಲೀಸ್ ಗೀಲೀಸ್ ಬೇಡವೇ ಬೇಡ ಎಂದು ಸರೋಜಮ್ಮ ತಮ್ಮನಿಗೆ ಹೇಳಿ, ಬೆಳಿಗ್ಗೆಯಿಂದ ಕಾಫಿ ಕುಡಿಯದೆ ಕೂತಿದ್ದ ನವೀನನ ಮುಂದೆ ಇನ್ನೊಂದು ಲೋಟ ಬಿಸಿ ಕಾಫಿ ಇಟ್ಟು, ಕಿಟಕಿಯ ಪಕ್ಕದ ತಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಹೋಗಿ ಕೂತರು. ಬೀದಿಯ ಹೆಂಗಸರ ರವಿಕೆಗಳೆಲ್ಲ ಅಲ್ಲೇ ಹೊಲಿಗೆಯಾಗುತ್ತಿದ್ದವು.

ಪೆದ್ದಣ್ಣನವರು ಯಾರನ್ನೂ ಗದರಿಸಲಿಲ್ಲ. ನವೀನನ ಚೀಲ ನೋಡಿದರು, ಜೇಬು ನೋಡಿದರು. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕೂತರು. ಬಿಚ್ಚಿಟ್ಟ ಬದಿಯ ಮುಚ್ಚಳದ ಮೇಲೆ ವಿಭೂತಿಯ ಮೂರು ಪಟ್ಟೆಗಳಿದ್ದವು. ಮಾನಿಟರ್, ಪ್ರಿಂಟರ್, ಯುಪಿಎಸ್ ಎಲ್ಲದರ ಮೇಲೂ ಇದ್ದವು. ಒಂದೊಂದರ ಮೇಲೂ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ತಂದು ಮೂಸಿದ್ದನ್ನು ಕಂಡು ಕುಮಾರಸ್ವಾಮಿ ಬಸವೇಶನ ಮುಖ ನೋಡಿದ. ಕೀಬೋರ್ಡಿನ ಮೇಲೆ ದಪ್ಪಗೆ ಧೂಳು ಕೂತಿತ್ತು. ಮೌಸ್ ಮಾತ್ರ ಮಿರಮಿರ ಮಿಂಚುತ್ತಿತ್ತು.

ಅವರು ಭುವನಾಳನ್ನು ಕೇಳಿದ್ದು ಮೂರೇ ಮಾತು. ಈ ವರ್ಷ ಆಯುಧಪೂಜೆ ಮಾಡಿದಿರಾ? ಇಲ್ಲ, ಅಪ್ಪ ಹೋಗಿ ವರ್ಷ ತುಂಬದೆ ಮನೆಯಲ್ಲಿ ಹಬ್ಬವಿಲ್ಲ. ಇದನ್ನು ನೀನು ದಿನಾ ಹಾಕುತ್ತಿದ್ದೆಯಾ? ಇಲ್ಲ, ಅಪ್ಪನ ದನಿ ಕೇಳಲು ಧೈರ್ಯವಾಗದೆ ನಿನ್ನೆ ಸಂಜೆಯವರೆಗೆ ಮುಟ್ಟಿಯೇ ಇರಲಿಲ್ಲ. ಮಾವನ ಅರ್ಜಿಯನ್ನೂ ನವೀನಣ್ಣ ಸಂಜೆ ತೋರಿಸಿಕೊಟ್ಟಿದ್ದಂತೆ ಫೋನಿನಿಂದ ತೆಗೆದು ಮೌಸ್ ಒತ್ತಿಯೇ ಪ್ರಿಂಟ್ ಕೊಟ್ಟದ್ದು. ಹಿಂದೆ ಯಾರಾದರೂ ಪೆಟ್ಟಿಗೆ ಬಿಚ್ಚುತ್ತಿದ್ದರಾ? ಅಪ್ಪನೇ ಪ್ರತಿ ಆಯುಧಪೂಜೆಯ ಹಿಂದಿನ ದಿನ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಹೊಡೆದು, ಮತ್ತೆ ಮುಚ್ಚಿ ವಿಭೂತಿ ಬಳಿಯುತ್ತಿದ್ದರು. ಅಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿಯುತ್ತಿದ್ದಳು.

ಇಬ್ಬರೂ ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತರು. ಎದುರಿಗೆ ಏಕಶಿಲಾ ಬೆಟ್ಟ ಬಿಸಿಲಿಗೆ ಬೋಳಾಗಿ ಹೊಳೆಯುತ್ತಿತ್ತು. ಬಸವೇಶನಿಗೆ ಬಹಳ ದಿನದಿಂದ ಹೇಳಬೇಕೆನಿಸುತ್ತಿದ್ದ ಒಂದು ಮಾತಿತ್ತು. ಹೇಳಿದರೆ ಹುಚ್ಚ ಎನ್ನುತ್ತಾರೆಂದು ನುಂಗಿಕೊಂಡಿದ್ದ.

"ಸಾರ್, ನಗಬ್ಯಾಡಿ. ಊಟಕ್ಕೆ ಮನೆಗೆ ಹೋಗುವಾಗ ಈ ಕಿಟಕಿ ಹತ್ರ ನಂಗೆ ಎಷ್ಟೋ ಸಲ ಮೇಷ್ಟ್ರು ಮಾತಾಡಿದಂಗೆ ಕೇಳೈತೆ. ನಿಂತು ಕೇಳಿದ್ರೆ ನಿಂತೋಗದು. ನನ್ನ ಮನಸ್ಸೇ ಅಂಗಾಡಿಸ್ತೈತೆ ಅಂದ್ಕೊಂಡು ಸುಮ್ಕಾದೆ." ಹೇಳುತ್ತ ಅವನ ಕಣ್ಣು ತುಂಬಿತು. ಆ ದನಿಗಾಗಿಯೇ ಅವನು ಹತ್ತಿರದ ದಾರಿ ಬಿಟ್ಟು ಈ ಬೀದಿ ಹಿಡಿಯುತ್ತಿದ್ದ.

ಪೆದ್ದಣ್ಣನವರು ನಗಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು, "ಏಮಪ್ಪಾ ಬಸವೇಶ, ಇದನ್ನ ಮೊದ್ಲೇ ಹೇಳಬಾರ್ದಾ? ನಿನ್ನ ಕಿವಿ ಸರಿಯಾಗೈತೆ. ನಡಿ ಒಳಕ್ಕೆ," ಎಂದರು.

ಎಲ್ಲರನ್ನೂ ಆ ಕೋಣೆಯಲ್ಲೇ ಕೂರಿಸಿದರು. ನವೀನ್ ತಲೆ ತಗ್ಗಿಸಿಕೊಂಡಿದ್ದ. ಸರೋಜಮ್ಮ ಹೊಲಿಗೆ ಮೆಷಿನ್ನಿನ ಮುಂದಿನಿಂದ ಏಳಲಿಲ್ಲ.

"ಮೊದ್ಲು ಈ ಬೂದಿ," ಎಂದು ಪೆದ್ದಣ್ಣನವರು ಮುಚ್ಚಳವನ್ನು ಎತ್ತಿ ಹಿಡಿದರು. "ಮಾನಿಟರಿನ ಮೇಲಿರೋದು ಹೋದ ವರ್ಷದ್ದು. ಕಂದಿ ಅಂಟ್ಕೊಂಡೈತೆ, ಉಜ್ಜಿದ್ರೂ ಬರಲ್ಲ. ಇದು ಮುಟ್ಟಿದ್ರೆ ಉದುರ್ತೈತೆ. ಹಬ್ಬ ಮಾಡದ ಮನೇಲಿ ಈ ಒಂದಕ್ಕೆ ಮಾತ್ರ ಹೊಸ ವಿಭೂತಿ ಯಾಕೆ?"

ಅವರು ಒಂದೊಂದೇ ಬಿಡಿಸುತ್ತ ಹೋದರು. ಯಾರೋ ನವೀನನಿಗಿಂತ ಮೊದಲೇ, ರಾತ್ರಿಯೇ ಪೆಟ್ಟಿಗೆ ಬಿಚ್ಚಿದ್ದರು. ಬಿಚ್ಚುವಾಗ ಹಳೆಯ ಪಟ್ಟೆ ಕೆಟ್ಟಿತು. ಮುಚ್ಚಿದ ಮೇಲೆ ಅದನ್ನು ಹಾಗೇ ಬಿಡಲು ಅವರಿಗೆ ಮನಸ್ಸು ಬರಲಿಲ್ಲ, ಮೂರು ಬೆರಳಿನಿಂದ ಮತ್ತೆ ಬಳಿದರು. ಆ ಹೊಸ ವಿಭೂತಿಯೇ ಬೆಳಿಗ್ಗೆ ನವೀನನ ತೋಳಿಗೆ ಮೆತ್ತಿದ್ದು. ಅವನೇ ಮೊದಲು ಬಿಚ್ಚಿದ್ದರೆ ಹೋದ ವರ್ಷದ ಪಟ್ಟೆ ಇಷ್ಟು ಉದುರುತ್ತಿರಲಿಲ್ಲ. ಕುಮಾರಸ್ವಾಮಿ ಯಾವುದನ್ನು ಸಾಕ್ಷಿ ಎಂದನೋ ಅದೇ ನವೀನನನ್ನು ಉಳಿಸಿತ್ತು.

"ಅಂಗಾದ್ರೆ ನಾನು ಅಂತೀರಾ?" ಎಂದು ಕುಮಾರಸ್ವಾಮಿ ಎದ್ದು ನಿಂತ.

"ಕೂತ್ಕೊ ಸಾಮಿ. ಡೆಸ್ಕ್‌ಟಾಪ್ ಬೇಕು ಅಂದೋನು ನೀನು. ನಾಳೆ ನಂದಾಗ್ಬೇಕು ಅನ್ನೋ ಎತ್ತಿನ ಕಾಲು ಯಾರೂ ಮುರಿಯಲ್ಲ. ಅದೂ ಅಲ್ದೆ, ಆ ಪೆಟ್ಟಿಗೆ ಒಳಗೆ ಯಾವುದು ಏನು ಅಂತ ನಿಂಗೆ ಗೊತ್ತಾ?" ಕುಮಾರಸ್ವಾಮಿ ಗೊತ್ತಿಲ್ಲವೆಂದು ತಲೆಯಾಡಿಸಿ ಕೂತ. ಪೆದ್ದಣ್ಣನವರ ದನಿ ಇಲ್ಲಿಂದ ಮುಂದೆ ಮೆತ್ತಗಾಯಿತು.

ಒಳಗಿನದು ಗೊತ್ತಿದ್ದವರು ಬಿಚ್ಚಿದ್ದರು, ಎಂದರು ಅವರು. ವರ್ಷ ವರ್ಷ ಅದನ್ನು ಬಿಚ್ಚುವುದನ್ನು ಹತ್ತಿರ ನಿಂತು ನೋಡಿದ್ದವರು. ಅಂಗಡಿಯ ಸ್ಕ್ರೂಡ್ರೈವರ್ ಅವರ ಬಳಿ ಇರಲಿಲ್ಲ, ಇದ್ದದ್ದು ಇನ್ನೊಂದು ಮೆಷಿನ್ನಿನದು. ಅದಕ್ಕೇ ಸ್ಕ್ರೂಗಳಿಗೆ ಮೆಷಿನ್ ಎಣ್ಣೆ ಹತ್ತಿ ವಾಸನೆ ಬರುತ್ತಿದೆ. ಇನ್ನು ಈ ಕೀಬೋರ್ಡಿನ ಧೂಳು. ಭುವನಾ ಕಂಪ್ಯೂಟರ್ ಮುಟ್ಟಿಲ್ಲ ಎನ್ನುತ್ತಾಳೆ. ನಿನ್ನೆ ಒಂದು ಸಂಜೆ ಮುಟ್ಟಿದ್ದಕ್ಕೆ ಮೌಸ್ ಹೀಗೆ ಮಿಂಚುವುದಿಲ್ಲ. ಟೈಪ್ ಮಾಡಲು ಬಾರದ, ಒತ್ತುವುದನ್ನು ಮಾತ್ರ ಕಲಿತ ಕೈಯೊಂದು ತಿಂಗಳುಗಟ್ಟಲೆ ಅದನ್ನು ಹಿಡಿದಿದೆ. ಮಧ್ಯಾಹ್ನ ಬಸವೇಶನಿಗೆ ಕೇಳಿದ್ದು ಭ್ರಮೆಯಲ್ಲ. ಭುವನಾ ಮನೆಯಲ್ಲಿಲ್ಲದ ಹೊತ್ತು ನೋಡಿ ಒಳಗೆ ಯಾರೋ ಹಾಕುತ್ತಿದ್ದರು, ಹೊರಗೆ ಹೆಜ್ಜೆ ನಿಂತದ್ದು ಗೊತ್ತಾದ ಕೂಡಲೇ ನಿಲ್ಲಿಸುತ್ತಿದ್ದರು.

ಬಸವೇಶ ಕಿಟಕಿಯ ಕಡೆ ನೋಡಿದ, ಕಿಟಕಿಯ ಕೆಳಗಿನ ಹೊಲಿಗೆ ಮೆಷಿನ್ನನ್ನು ನೋಡಿದ. ಒಂದು ಕಡೆ ಇರಾದಲ್ಲ ಎಂದು ಸರೋಜಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಆಡಿದ್ದ, ತಾನು ನಕ್ಕಿದ್ದ ಮಾತು ಆಗ ಅವನಿಗೆ ಅರ್ಥವಾಯಿತು.

"ಸರೋಜಮ್ಮ, ಬೆಳಿಗ್ಗೆಯಿಂದ ಪೊಲೀಸ್ ಬ್ಯಾಡ ಅಂದೋರು ನೀವೊಬ್ರೇ," ಎಂದರು ಪೆದ್ದಣ್ಣನವರು. "ಡೆಸ್ಕ್‌ಟಾಪ್ ಮೂಲೇಲಿ ಕೂತಿರ್ತೈತೆ. ಲ್ಯಾಪ್‌ಟಾಪ್ ಮಗಳ ಬ್ಯಾಗಲ್ಲಿ ಎದ್ದು ಹೋಗ್ತೈತೆ. ಅಷ್ಟೇ ಕದಾ?"

ಸರೋಜಮ್ಮ ಮೆಷಿನ್ನಿನ ಡ್ರಾಯರ್ ಎಳೆದರು. ದಾರದುಂಡೆಗಳ ಕೆಳಗೆ ಮೇಷ್ಟ್ರ ಬಿಳಿ ಟವಲ್ಲಿನಲ್ಲಿ ಸುತ್ತಿಟ್ಟ ಹಾರ್ಡ್ ಡಿಸ್ಕ್ ಇತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮೊದಲು ನವೀನನ ಕಡೆ ತಿರುಗಿ, ತಪ್ಪಾಯಿತು ಎಂದರು. ಅವನು ಬೇಡವೆನ್ನುವಂತೆ ಕೈಯಾಡಿಸಿದ.

"ಓದಕ್ಕೆ ಹೋಗೋ ಮಗೀಗೆ ಹೊಸದು ಬ್ಯಾಡ ಅಂತ ಹೆಂಗನ್ಲಿ?" ಎಂದರು. "ಇದ್ರಾಗಿರದನ್ನ ಅದಕ್ಕೆ ಸುರಿದ್ಮೇಲೆ ಇದು ಖಾಲಿ ಅಂದ್ಕೊಂಡೆ. ಪೆಟ್ಟಿಗೇನೂ ಹೋಗ್ತೈತೆ, ದನೀನೂ ಹೋಗ್ತೈತೆ, ಇವಳೂ ಹೋಗ್ತಾಳೆ. ಪಾಠ ಎಲ್ಲಾ ಮಕ್ಳಿಗೆ ಹೇಳಿರದು, ನಂಗ್ಯಾಕೆ ಅದು? ನಂಗೆ ಅಂತ ಅವ್ರು ಆಡಿರೋ ಮಾತು ಇದ್ರಾಗೆ ಒಂದೇ ಒಂದೈತೆ."

ಭುವನಾ ಎದ್ದು ಹೋಗಿ ತಾಯಿಯ ಕಾಲ ಬಳಿ ಕೂತಳು. "ನನ್ನ ಕೇಳಿದ್ರೆ ನಾನು ಬಿಟ್ಟು ಹೋಗ್ತಿರ್ಲಿಲ್ವೇನಮ್ಮ," ಎಂದಳು. ಅಪ್ಪನ ದನಿ ಕೇಳಲು ತನಗೆ ಧೈರ್ಯ ಬರಲಿಲ್ಲ, ಅಮ್ಮನಿಗೆ ಕೇಳದೆ ಇರಲು ಆಗಲಿಲ್ಲ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಕಾಪಿ ಮಾಡಿದರೆ ಇದರಲ್ಲೂ ಇರುತ್ತದೆ, ಅದರಲ್ಲೂ ಇರುತ್ತದೆ ಎಂದು ನವೀನ್ ಬಿಡಿಸಿ ಹೇಳಿದ. ಸರೋಜಮ್ಮ ಅದನ್ನು ಅವನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದರು. ಅವನು ಡಿಸ್ಕನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಪಾಠಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮುಚ್ಚಳ ಮುಚ್ಚಿದ. ಎಕ್ಸ್‌ಚೇಂಜ್ ಬೇಡ, ಡೆಸ್ಕ್‌ಟಾಪ್ ಇಲ್ಲೇ ಇರಲಿ, ಆ ಕಪ್ಪನೆಯದನ್ನೇ ಕೊಡಿ ಎಂದಳು ಭುವನಾ. ಭಾರವಾಗುತ್ತದೆ ಎಂದ ಬಸವೇಶ. ಹೊರುತ್ತೇನೆ ಬಿಡಿ ಚಿಕ್ಕಪ್ಪ ಎಂದಳು. ಕುಮಾರಸ್ವಾಮಿ ಕೂಡ ತನಗೆ ಡೆಸ್ಕ್‌ಟಾಪ್ ಬೇಕೆನ್ನುವ ಮಾತು ಎತ್ತಲಿಲ್ಲ.

ಸರಿಯಾಗಿದೆಯೋ ನೋಡೋಣವೆಂದು ನವೀನ್ ಅದರಲ್ಲಿ ಕೊನೆಯ ಸಲ ಹಾಕಿದ್ದ ಪಾಠವನ್ನೇ ಹಾಕಿದ. ಸ್ಪೀಕರಿನಲ್ಲಿ ಅಡವಯ್ಯ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಬಸವೇಶ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಇದೇ ಕೆಮ್ಮು ಮುಗಿದ ಮೇಲೆಯೇ ಅವರು ದಿನಾ ಟೀಗೆ ಕರೆಯುತ್ತಿದ್ದುದು. "ಮಕ್ಕಳೇ, ನಮ್ಮ ಕಡೆ ಇರುವುದು ಕೆಂಪು ಮಣ್ಣು. ಈ ಮಣ್ಣಿನಲ್ಲಿ ರಾಗಿ, ಶೇಂಗಾ ಚೆನ್ನಾಗಿ ಬರುತ್ತವೆ. ಏಕೆಂದರೆ..." ಪಾಠ ಅಲ್ಲಿ ನಿಂತಿತು. ಮೇಷ್ಟ್ರು ಮೈಕಿನಿಂದ ಮುಖ ತಿರುಗಿಸಿದ್ದು ದನಿಯಲ್ಲೇ ತಿಳಿಯುತ್ತಿತ್ತು.

"ಸರೋಜಾ, ಹಾಲು ಉಕ್ತಾ ಐತೆ ನೋಡೇ."

"ಬಂದೆ ಇರ್ರೀ," ಎಂದು ಸರೋಜಮ್ಮ ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ನಡೆದರು. ಒಲೆ ಹಚ್ಚಿರಲಿಲ್ಲ. ಯಾರೂ ಅವರನ್ನು ತಡೆಯಲಿಲ್ಲ.