ವಾಪಸ್ ಬಂದ ವೈಫೈ ಕಾರ್ಡುಗಳು

ಮೊದಲ ಭೇಟಿಯಲ್ಲೇ ನಾನು ಅವನ ಕೈಯಿಂದ ಗ್ರಾಫಿಕ್ಸ್ ಕಾರ್ಡನ್ನು ಕಿತ್ತುಕೊಂಡೆ.

ತಪ್ಪು ನನ್ನದಲ್ಲ, ದೊಡ್ಡಪ್ಪನದು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ನಡೆಸಿ ನಡೆಸಿ ಅವರ ಬಾಯಿಗೆ ಒಂದೇ ಉತ್ತರ ಅಭ್ಯಾಸವಾಗಿಬಿಟ್ಟಿದೆ. "ವಿಂಡೋಸ್ ಬದಲು ಲಿನಕ್ಸ್ ಹಾಕಿದೀನಿ, ಇದು ಅದರಲ್ಲಿ ನಡೆಯುತ್ತಾ ಸರ್?" ಎಂದು ಅವನು ಕೇಳಿದ. "ನಡೆಯೋದೇನು, ಓಡುತ್ತೆ!" ಎಂದರು ದೊಡ್ಡಪ್ಪ. ಆ ಪುಣ್ಯಾತ್ಮ ನಂಬಿ ಪರ್ಸ್ ತೆಗೆದ. ನಾನು ಒಳಗಿನ ರಿಪೇರಿ ಬೆಂಚಿನಿಂದ ಎದ್ದು ಬಂದೆ.

"ಇದನ್ನ ಕೊಡಲ್ಲ."

"ನಾನು ದುಡ್ಡು ಕೊಡ್ತಿದೀನಲ್ಲ?"

"ಕೊಟ್ರೂ ಕೊಡಲ್ಲ. ಇದನ್ನ ನಡೆಸೋ ಸಾಫ್ಟ್‌ವೇರು, ಡ್ರೈವರ್ ಅಂತಾರಲ್ಲ, ಅದನ್ನ ಬೇರೆ ಹುಡುಕಿ ಹಾಕ್ಬೇಕು. ಒಂದೊಂದು ಅಪ್‌ಡೇಟ್ ಬಂದಾಗ್ಲೂ ಸ್ಕ್ರೀನ್ ಕಪ್ಪಾಗುತ್ತೆ, ನೀವು ಬಂದು ನಮ್ಮ ಮೇಲೆ ಕೂಗಾಡ್ತೀರಿ. ಈ ಇನ್ನೊಂದು ತಗೊಳ್ಳಿ. ಇದರ ಡ್ರೈವರ್ ಲಿನಕ್ಸ್ ಒಳಗೇ ಇದೆ. ಹಾಕಿ, ಆನ್ ಮಾಡಿ, ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

"ನಾನು ಕೂಗಾಡೋನಲ್ಲ," ಎಂದ ಅವನು. ಅದನ್ನೂ ಎಷ್ಟು ಮೆಲ್ಲಗೆ ಹೇಳಿದನೆಂದರೆ ನಂಬದೆ ವಿಧಿಯಿರಲಿಲ್ಲ. ಅವನ ಕಿವಿ ಮಾತ್ರ ಕೆಂಪಗಾಗಿತ್ತು.

ಅವನ ಕೆಲಸ ಮ್ಯಾನುಯಲ್ ಬರೆಯುವುದು. ಬಟ್ಟೆ ಒಗೆಯುವ ಯಂತ್ರ, ಫ್ಯಾನು, ಹೇರ್ ಡ್ರೈಯರ್, ಇವುಗಳ ಡಬ್ಬದಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ಯಾರೂ ಬಿಚ್ಚಿ ನೋಡದ್ದು, ಅದು. ಇದನ್ನು ಕೇಳಿದ ಕೂಡಲೇ ದೊಡ್ಡಪ್ಪ ಅವನಿಗೆ ಮ್ಯಾನುಯಲ್ ಮೇಷ್ಟ್ರು ಎಂದು ಹೆಸರಿಟ್ಟರು.

"ನಾನು ಓದ್ತೀನಿ," ಎಂದೆ.

"ಏನನ್ನ?"

"ಮ್ಯಾನುಯಲ್‌ಗಳನ್ನ. ಮೊದಲ ಪುಟದಿಂದ ಕೊನೇವರೆಗೂ."

ಅವನು ತಲೆಯೆತ್ತಿ ನೋಡಿದ. ಹತ್ತು ವರ್ಷ ಬಾಗಿಲು ತಟ್ಟಿದವನಿಗೆ ಒಳಗಿನಿಂದ ಯಾರೋ ಓಗೊಟ್ಟ ಹಾಗಿತ್ತು ಆ ಮುಖ. ನಾನು ಸುಮ್ಮನೆ ಡಬ್ಬದ ಧೂಳು ಒರೆಸಿದೆ. ಧೂಳೇನೂ ಇರಲಿಲ್ಲ.

ಅವನಿಗೆ ಹಳೆಯ ಡೆಸ್ಕ್‌ಟಾಪಿನ ಕ್ಯಾಬಿನೆಟ್ ಒಂದನ್ನು ಉಳಿಸಿಕೊಂಡು ಒಳಗಿನದನ್ನೆಲ್ಲ ಬದಲಿಸಬೇಕಿತ್ತು. ಅಂಥವರಿಗೆಂದೇ ಕಿಟಕಿ ಪಕ್ಕ ನನ್ನದೊಂದು ಶೆಲ್ಫ್ ಇದೆ. ಅಂಗಡಿಯೆಲ್ಲ ದೊಡ್ಡಪ್ಪನದು, ಆ ನಾಲ್ಕು ಹಲಗೆ ಮಾತ್ರ ನನ್ನದು. ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂದು ನಾನೇ ಹಾಕಿ ನೋಡಿ ಖಾತ್ರಿ ಮಾಡಿಕೊಂಡದ್ದಲ್ಲದೆ ಬೇರೇನೂ ಅದರ ಮೇಲೆ ಹತ್ತುವುದಿಲ್ಲ. ಅದಕ್ಕಾಗಿ ಎರಡು ವರ್ಷ ದೊಡ್ಡಪ್ಪನ ತಲೆ ತಿಂದಿದ್ದೆ.

"ಡಬ್ಬದ ಮೇಲಿನ ಹೆಸರು ನಂಬಬೇಡಿ," ಎಂದು ವೈಫೈ ಕಾರ್ಡ್ ತೆಗೆದು ತೋರಿಸಿದೆ. "ಅದೇ ಹೆಸರಿನ ಡಬ್ಬದಲ್ಲಿ ಈ ವರ್ಷ ಒಂದು ಚಿಪ್ ಇರುತ್ತೆ, ಮುಂದಿನ ವರ್ಷ ಇನ್ನೊಂದು. ಚಿಪ್ ಮೇಲಿನ ನಂಬರ್ ಓದ್ಬೇಕು. ತಗೊಳ್ಳಿ ಭೂತಗನ್ನಡಿ."

ಅವನು ಬಗ್ಗಿದ. ಎಲ್ಲಿ ನೋಡಬೇಕೆಂದು ತೋರಿಸಲು ನಾನೂ ಬಗ್ಗಿದೆ. ಅವನ ಅಂಗಿಯಿಂದ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬರುತ್ತಿತ್ತು. ಹುಬ್ಬಿನ ತುದಿಯಲ್ಲಿ ಸಣ್ಣದೊಂದು ಗಾಯದ ಗುರುತು.

"ಓದಿದ್ರಾ?"

"ಹ್ಞೂಂ."

"ನಂಬರ್ ಎಷ್ಟು?"

ಅವನು ತಡವರಿಸಿದ. "ಇನ್ನೊಂದ್ಸಲ ನೋಡ್ತೀನಿ."

ಐದು ದಿನ ಬಿಟ್ಟು ಅವನು ವೈಫೈ ಕಾರ್ಡ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. "ಸಿಗ್ನಲ್ ಹಿಡೀತಿಲ್ಲ." ನಾನು ಬೇರೆ ಕಾರ್ಡ್ ಆರಿಸಿಕೊಟ್ಟೆ. ಆರಿಸಲು ಒಂದು ಗಂಟೆ ಹಿಡಿಯಿತು, ಏಕೆಂದರೆ ನಡುವೆ ಹೇರ್ ಡ್ರೈಯರ್ ಮ್ಯಾನುಯಲ್‌ನಲ್ಲಿ "ನಿದ್ದೆ ಮಾಡುವಾಗ ಬಳಸಬೇಡಿ" ಎಂದು ಯಾಕೆ ಬರೆಯುತ್ತಾರೆ ಎಂಬ ಚರ್ಚೆಯಾಯಿತು. ಯಾರೋ ಬಳಸಿದ್ದರಂತೆ.

ಮುಂದಿನ ವಾರ ಎರಡನೆಯ ಕಾರ್ಡ್ ಬಂತು. "ಹಿಡಿಯುತ್ತೆ, ಬಿಡುತ್ತೆ." ಅದರ ಮುಂದಿನ ವಾರ ಮೂರನೆಯದು.

"ಇದಕ್ಕೇನಾಯ್ತು?"

"ಬರುತ್ತೆ. ಆದ್ರೆ ಒಲ್ಲದ ಮನಸ್ಸಿಂದ ಬರುತ್ತೆ."

ಸಿಗ್ನಲ್‌ಗೆ ಮನಸ್ಸಿದೆ ಎಂದು ನಾನು ಕೇಳಿದ್ದು ಅದೇ ಮೊದಲು. ಆದರೂ ಗಂಭೀರವಾಗಿ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿದೆ. ವಾಪಸ್ ಬಂದ ಸಾಮಾನನ್ನು ನಮ್ಮ ಬೆಂಚಿನ ಮೇಲಿನ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಬೇಕೆಂಬುದು ನಾನೇ ಮಾಡಿದ ನಿಯಮ. ಪರೀಕ್ಷಿಸಿದೆಯಾ ಎಂದು ಈಗಲೇ ಕೇಳಬೇಡಿ, ಆ ಮಾತಿಗೆ ಬರುತ್ತೇನೆ.

ಮೂರನೆಯ ಡಬ್ಬ ನೋಡಿ ದೊಡ್ಡಪ್ಪ ಕನ್ನಡಕ ಹಣೆಗೇರಿಸಿದರು.

"ಮಗಳೇ, ಒಂದು ತಿಂಗಳಲ್ಲಿ ಮೂರು ವಾಪಸ್. ಎಲ್ಲಾ ನಿನ್ನ ಶೆಲ್ಫಿಂದು. ಇನ್ನೊಂದೇ ಒಂದು ಬರ್ಲಿ, ಆ ನಾಲ್ಕು ಹಲಗೇಲೂ ಮೊಬೈಲ್ ಕವರ್ ಜೋಡಿಸ್ತೀನಿ."

"ದೊಡ್ಡಪ್ಪ!"

"ಕವರ್ ಯಾವತ್ತೂ ವಾಪಸ್ ಬರಲ್ಲ. ಅದಕ್ಕೆ ಡ್ರೈವರ್ ಬೇಕಾಗಿಲ್ಲ."

ನನಗೆ ಕಣ್ಣಲ್ಲಿ ನೀರೇ ಬಂತು. ಮೊಬೈಲ್ ಕವರ್! ಮೊಲದ ಕಿವಿ ಇರುವಂಥವು!

ಹಾಗಾಗಿ ನಾಲ್ಕನೆಯ ಕಾರ್ಡನ್ನು ಅವನ ಕೈಗೆ ಕೊಡಲಿಲ್ಲ. "ಭಾನುವಾರ ನಾನೇ ಮನೆಗೆ ಬಂದು ಹಾಕ್ತೀನಿ," ಎಂದೆ. ಆ ಮದರ್‌ಬೋರ್ಡ್ ಆರಿಸಿದ್ದು ನಾನೇ ಅಲ್ಲವೇ, ಅದರಲ್ಲೇ ಏನಾದರೂ ಎಡವಟ್ಟು ಮಾಡಿದ್ದೇನೋ ಎಂಬ ಹೆದರಿಕೆ ಒಂದು ಕಡೆ. ಅವನ ಮನೆ ನೋಡುವ ಆಸೆ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ತೂಗಿ ನೋಡಲಿಲ್ಲ.

"ಬೇಡ ಬೇಡ, ನಿಮಗ್ಯಾಕೆ ತೊಂದ್ರೆ," ಎಂದು ಅವನು ಗಾಬರಿಯಾದ. ನಾಚಿಕೆ ಇರಬೇಕು ಎಂದುಕೊಂಡೆ. ಬೆಪ್ಪು ನಾನು.

ಬಾಗಿಲು ತೆಗೆದದ್ದು ಅವನ ಅಮ್ಮ. ನನ್ನ ಕೈಯಲ್ಲಿದ್ದ ಡಬ್ಬ ನೋಡಿ, "ಬಾಮ್ಮಾ, ವೈಫೈ ಅಂಗಡಿಯವಳು ನೀನೇನಾ?" ಎಂದರು. ನಾನು ಹ್ಞೂಂ ಎಂದದ್ದೇ ತಡ, "ಅಲ್ಲಾ, ಚೆನ್ನಾಗಿ ನಡೀತಿರೋದನ್ನ ಬಿಚ್ಚಿ ಬಿಚ್ಚಿ ತಗೊಂಡು ಹೋಗ್ತಾನಲ್ಲ, ಯಾಕೋ ಅಂದ್ರೆ ಬಾಯೇ ಬಿಡಲ್ಲ. ನೀನಾದ್ರೂ ಕೇಳು," ಎಂದುಬಿಟ್ಟರು.

"ಅಮ್ಮಾ!" ಎಂದು ಒಳಗಿನಿಂದ ಓಡಿ ಬಂದವನ ಮುಖ ಸುಣ್ಣದ ಹಾಗಿತ್ತು.

ನಾನು ನೇರವಾಗಿ ಹೋಗಿ ಅವನ ಕಂಪ್ಯೂಟರ್ ಮುಂದೆ ಕುಳಿತೆ. ಲಿನಕ್ಸ್‌ಗೊಂದು ಅಭ್ಯಾಸವಿದೆ. ತನ್ನೊಳಗೆ ನಡೆದದ್ದನ್ನೆಲ್ಲ ದಿನ, ಗಂಟೆ, ನಿಮಿಷ ಸಮೇತ ಬರೆದಿಟ್ಟುಕೊಳ್ಳುತ್ತದೆ. ಲಾಗ್ ಎನ್ನುತ್ತಾರೆ. ಊರಿಗೆಲ್ಲ ಸೂಚನೆ ಬರೆದುಕೊಡುವ ಈ ಮಹಾಶಯನಿಗೆ ಅದನ್ನು ಅಳಿಸಬೇಕೆಂದು ಹೊಳೆದಿರಲಿಲ್ಲ. ಮೊದಲ ಕಾರ್ಡ್: ಐದು ದಿನ, ಒಂದು ಸಲವೂ ಸಂಪರ್ಕ ಕಡಿದಿಲ್ಲ. ಎರಡನೆಯದು: ಕಡಿದಿಲ್ಲ. ಮೂರನೆಯದನ್ನು ಹಾಕಿದ ನಾಲ್ಕೇ ಸೆಕೆಂಡಿಗೆ ಸಿಗ್ನಲ್ ಹಿಡಿದಿದೆ.

"ಒಲ್ಲದ ಮನಸ್ಸಿಂದ ಬಂತಾ ಇದು?" ಎಂದೆ.

ಅವನು ನೆಲ ನೋಡುತ್ತಿದ್ದ.

"ನಿಮ್ಮ ತಮಾಷೆಗೆ ನನ್ನ ಶೆಲ್ಫ್ ಹೋಗ್ತಿದೆ, ಗೊತ್ತಾ? ಇನ್ನೊಂದು ವಾಪಸ್ ಬಂದ್ರೆ ದೊಡ್ಡಪ್ಪ ಅಲ್ಲಿ ಮೊಬೈಲ್ ಕವರ್ ಇಡ್ತಾರಂತೆ. ಎರಡು ವರ್ಷದ ನನ್ನ ಕೆಲಸ ಅದು!"

"ಶೆಲ್ಫ್ ವಿಷ್ಯ ನಂಗೆ ಗೊತ್ತಿರ್ಲಿಲ್ಲ." ಅವನು ತಲೆಯೆತ್ತಿದ. "ತಮಾಷೆ ಅಲ್ಲ. ಪೂರ್ತಿ ಕಂಪ್ಯೂಟರನ್ನ ನೀವು ಒಂದೇ ದಿನದಲ್ಲಿ ಆರಿಸಿಕೊಟ್ಟುಬಿಟ್ರಿ. ಎಲ್ಲಾನೂ ಸರಿಯಾಗಿ ನಡೀತು. ಮತ್ತೆ ಏನಂತ ಬರ್ಲಿ ನಾನು?"

ಕೇಳಲು ಹಿತವಾಗಿಯೇ ಇತ್ತು. ಆದರೂ ಸಿಟ್ಟನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ ನಾನು. ಹೊಸ ಕಾರ್ಡಿನ ಡಬ್ಬವನ್ನು ಬ್ಯಾಗಿಗೆ ಹಾಕಿಕೊಂಡು ಎದ್ದೆ. ಬಾಗಿಲ ಹತ್ತಿರ ಅವನು ಮೆಲ್ಲಗೆ ಕೇಳಿದ, "ಒಂದು ಮಾತು. ವಾಪಸ್ ತಂದದ್ದನ್ನ ನೀವು ಬೆಂಚಿನ ಮೇಲೆ ಹಾಕಿ ನೋಡೋದಿಲ್ವಾ?"

ನಾನು ದಡದಡ ಮೆಟ್ಟಿಲಿಳಿದೆ.

ಹಾಕಿ ನೋಡಿದ್ದೆ. ಈಗ ಮುಚ್ಚಿಟ್ಟು ಏನು ಮಾಡಲಿ. ಮೊದಲನೆಯದನ್ನು ವಾಪಸ್ ಬಂದ ದಿನವೇ ಹಾಕಿ ನೋಡಿದ್ದೆ, ಒಂಚೂರೂ ತಕರಾರಿಲ್ಲದೆ ನಡೆಯಿತು. ಎರಡನೆಯದೂ ನಡೆಯಿತು, ಮೂರನೆಯದೂ ನಡೆಯಿತು. ಅವನ ಮದರ್‌ಬೋರ್ಡಿಗೂ ಇದಕ್ಕೂ ಆಗಿಬರುತ್ತಿಲ್ಲ ಎಂದು ನನಗೆ ನಾನೇ ಕಥೆ ಕಟ್ಟಿಕೊಂಡೆ, ಹೆದರಿಕೆಯನ್ನೂ ಅದಕ್ಕೆ ಸೇರಿಸಿಕೊಂಡೆ. ದೊಡ್ಡಪ್ಪನಿಗೆ ಹೇಳಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದರು. ಅವನು ಬರುವುದು ನಿಲ್ಲುತ್ತಿತ್ತು. ಶೆಲ್ಫ್ ಹೋಗುತ್ತದೆ ಎಂದಾಗಲೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಬಸ್ಸಿನಲ್ಲಿ ಕುಳಿತು ಇದನ್ನೆಲ್ಲ ನೆನೆದಾಗ ಅವನ ಮೇಲಿನ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಅವನನ್ನು ನಾನು ಇಷ್ಟೊಂದು ಬಯಸುತ್ತಿದ್ದೇನೆ ಎಂದು ಗೊತ್ತಾದದ್ದೂ ಅಲ್ಲೇ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕಾಯುತ್ತಿದ್ದ. ನೇರವಾಗಿ ಗಲ್ಲಾದ ಮುಂದೆ ಹೋಗಿ ನಿಂತ.

"ಸರ್, ನಾನು ವಾಪಸ್ ಕೊಟ್ಟ ಮೂರು ಕಾರ್ಡಿನ ಬಗ್ಗೆ ಮಾತಾಡ್ಬೇಕು. ಮೊದಲನೆಯದಾಗಿ..." ಎಂದು ಗಂಟಲು ಸರಿ ಮಾಡಿಕೊಂಡ. "ಎರಡನೆಯದಾಗಿ..."

"ಮೊದಲನೇದೇ ಇನ್ನೂ ಬಂದಿಲ್ಲ ಮೇಷ್ಟ್ರೇ," ಎಂದರು ದೊಡ್ಡಪ್ಪ.

"ಕಾರ್ಡುಗಳು ಸರಿ ಇದ್ವು ಸರ್. ನಾನೇ ಸುಳ್ಳು ಹೇಳಿ ವಾಪಸ್ ತಂದೆ. ಇವರನ್ನ ನೋಡೋಕೆ. ಇವರ ಶೆಲ್ಫಲ್ಲಿ ಒಂದೂ ಕೆಟ್ಟ ಸಾಮಾನಿಲ್ಲ. ಅದನ್ನ ತೆಗೀಬೇಡಿ."

ದೊಡ್ಡಪ್ಪ ನಿಧಾನವಾಗಿ ಎದ್ದರು.

"ನಮ್ಮ ಹುಡುಗಿಯ ಹೆಸರು ಕೆಡಿಸ್ತಿದ್ರಲ್ರೀ. ಶೆಲ್ಫ್ ಇರುತ್ತೆ. ಆದ್ರೆ ನೀವು ಇನ್ನು ಈ ಮೆಟ್ಟಿಲು ಹತ್ಬೇಡಿ."

ಅವನು ತಲೆಯಾಡಿಸಿ, ನನ್ನ ಕಡೆ ಒಮ್ಮೆ ನೋಡಿ ತಿರುಗಿದ. ಬೇಕೆಂದರೆ "ಇವರೂ ಹಾಕಿ ನೋಡಿರ್ತಾರೆ, ಕೇಳಿ ಸರ್" ಎನ್ನಬಹುದಿತ್ತು. ಅನ್ನಲಿಲ್ಲ. ನಾನು ಸುಮ್ಮನಿದ್ದರೆ ನನ್ನ ಶೆಲ್ಫೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

"ನಿಲ್ಲಿ," ಎಂದೆ. "ದೊಡ್ಡಪ್ಪ, ಮೂರನ್ನೂ ನಾನು ಬೆಂಚ್ ಮೇಲೆ ಹಾಕಿ ನೋಡಿದ್ದೆ. ಮೂರೂ ನಡೆದ್ವು."

"ಯಾವಾಗ?"

"ಬಂದ ದಿನವೇ."

"ಮತ್ತೆ ಕವರ್ ಇಡ್ತೀನಿ ಅಂದಾಗ್ಲೂ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಇವರು ಮತ್ತೆ ಬರ್ತಿರ್ಲಿಲ್ಲ. ನಂಗೆ ಇವರು ಬರೋದು ಬೇಕಿತ್ತು. ಇವರು ಬೇಕು." ಹೇಳಿ ಮುಗಿಸಿದ ಮೇಲೆ ನನ್ನ ಕಿವಿಯೂ ಸುಡುತ್ತಿತ್ತು. "ಶೆಲ್ಫ್ ತೆಗೀತೀರಾ, ತೆಗೀರಿ."

ದೊಡ್ಡಪ್ಪ ನನ್ನನ್ನು ನೋಡಿದರು, ಅವನನ್ನು ನೋಡಿದರು, ಮೂರು ಡಬ್ಬಗಳ ಚೀಟಿಗಳನ್ನು ಒಂದೊಂದಾಗಿ ಓದಿದರು. "ಒಲ್ಲದ ಮನಸ್ಸಿಂದ ಬರುತ್ತೆ" ಎಂಬಲ್ಲಿಗೆ ಬಂದಾಗ ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಮತ್ತೆ ಕುರ್ಚಿಯಲ್ಲೇ ಕುಸಿದರು.

"ಇಬ್ಬರೂ ಸೇರಿ ನನ್ನನ್ನ ಕುರಿ ಮಾಡಿದ್ರಲ್ಲ! ಚೀಟಿ ಕಿತ್ತುಹಾಕಿ ಡಬ್ಬಗಳನ್ನ ಶೆಲ್ಫ್ ಮೇಲಿಡು, ಹೋಗು. ಮೇಷ್ಟ್ರೇ, ನಿಮಗೆ ವೈಫೈ ಬೇಕೋ ಬೇಡ್ವೋ?"

"ಬೇಕು ಸರ್. ಮನೇಲಿ ಅಮ್ಮ ಬೈತಿದಾರೆ."

ಮೊದಲನೆಯ ಕಾರ್ಡನ್ನೇ ಕೊಟ್ಟೆ. ಅವನು ಅದನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲವರೆಗೂ ಹೋಗಿ ನಿಂತ.

"ಇನ್ನು ಇದನ್ನ ವಾಪಸ್ ತರೋ ಹಾಗಿಲ್ಲ," ಎಂದ.

"ಇಲ್ಲ."

"ನಾಳೆ ಬರ್ಲಾ? ಏನೂ ಕೆಲಸ ಇಲ್ಲ. ಸುಮ್ನೆ."

"ನಾಲ್ಕು ಗಂಟೆಗೆ ಬಾ," ಎಂದೆ. ಅದುವರೆಗೂ ನೀವು ಎನ್ನುತ್ತಿದ್ದವಳು ಬಾ ಎಂದೆನೆಂಬುದು ಹೇಳಿದ ಮೇಲೆ ಗೊತ್ತಾಯಿತು. ಅವನಿಗೆ ಮೊದಲೇ ಗೊತ್ತಾಗಿತ್ತು, ಒಂದು ಮೆಟ್ಟಿಲು ತಪ್ಪಿದ.

ಮರುದಿನ ಮೂರೂ ಮುಕ್ಕಾಲಿಗೇ ಬಂದ. ಡಬ್ಬವಿಲ್ಲ, ಪಟ್ಟಿಯಿಲ್ಲ, ದೂರಿಲ್ಲ. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ, ಬೆನ್ನ ಹಿಂದೆ ಕಟ್ಟಿದ, ಮತ್ತೆ ಬಿಚ್ಚಿದ. ದೊಡ್ಡಪ್ಪ ಯಾರಿಗೋ ಪ್ರಿಂಟರ್ ಮಾರುತ್ತ, ಅದು ಓಡುತ್ತದೆ ಎಂದು ಹೇಳುತ್ತಿದ್ದರು. ನಾನು ಬೆಂಚಿನಿಂದ ಎದ್ದು ಹೋಗಿ ಅವನ ಒಂದು ಕೈಯನ್ನು ಹಿಡಿದುಕೊಂಡೆ. ಆಮೇಲೆ ಇನ್ನೊಂದನ್ನೂ.