ಪೈಪಿನ ಬಾಯಿಗೆ ಹಿಮ

ಹಾಲ್ವರ್‌ನ ಹೊಟ್ಟೆಯುರಿಗೆಲ್ಲ ಕಾರಣ ಪಕ್ಕದ ಮನೆಯ ಒಂದು ಪೈಪು. ಮಾರ್ಚ್‌ನಲ್ಲಿ ಹಿಮ ಕರಗತೊಡಗಿದರೆ ಸಾಕು, ಆರ್ಲಿನ್‌ನ ನೆಲಮಾಳಿಗೆಯ ಪಂಪು ಗುರುಗುಟ್ಟುತ್ತ ಎರಡು ಮನೆಗಳ ನಡುವಿನ ಓಣಿಗೆ ನೀರು ಕಕ್ಕುತ್ತಿತ್ತು. ಆ ನೀರು ಹಾಲ್ವರ್‌ನ ಗೋಡೆಗೆ ಜಿನುಗಿ, ಕೆಳಗೆ ಅವನ ಹೆಂಡತಿ ರಾಗ್ನಾಳ ಮಗ್ಗದ ಕಾಲುಗಳನ್ನು ತೋಯಿಸುತ್ತಿತ್ತು. ಹಾಲ್ವರ್‌ನದೇ ನೆಲಮಾಳಿಗೆಯಲ್ಲಿ, ನೆಲದಡಿಯ ನೀರು ಬಸಿದು ಸೇರಲೆಂದು ತೋಡಿದ ಮೂಲೆಗುಂಡಿಯಲ್ಲಿ ಎಂದೂ ನೀರು ನಿಂತದ್ದಿಲ್ಲ. ಪಂಪು ಕೊಳ್ಳುವ ಪ್ರಮೇಯವೇ ಬಂದಿಲ್ಲ. ತನ್ನದು ಒಣನೆಲ, ತೇವವೆಲ್ಲ ಆರ್ಲಿನ್‌ನದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಅಮೆರಿಕದ ಉತ್ತರದಂಚಿನ ರೆಡ್ ನದಿಯ ದಂಡೆಯ ಆ ನಾರ್ವೆ ಮೂಲದವರ ಊರಿನಲ್ಲಿ ನೆರೆಯವನ ಮೇಲೆ ದೂರುವುದೆಂದರೆ ಚರ್ಚಿನಲ್ಲಿ ಗಟ್ಟಿಯಾಗಿ ಆಕಳಿಸಿದ ಹಾಗೆ. ಪ್ರತಿ ವಸಂತದಲ್ಲೂ ಆರ್ಲಿನ್ ಬೇಲಿಯಾಚೆಯಿಂದ ಕೇಳುತ್ತಿದ್ದ, "ಕೆಳಗೆಲ್ಲ ಒಣಗಿದೆ ತಾನೆ?"

"ಪರವಾಗಿಲ್ಲ. ಇದಕ್ಕಿಂತ ಕೆಟ್ಟದ್ದು ನೋಡಿದೀವಿ," ಎನ್ನುತ್ತಿದ್ದ ಹಾಲ್ವರ್, ಹಲ್ಲು ಕಚ್ಚಿಕೊಂಡು.

ಈ ವರ್ಷ ಹಲ್ಲು ಕಚ್ಚಿ ಕೂರುವಂತಿರಲಿಲ್ಲ. ರಾಗ್ನಾಳ ಕಣ್ಣು ಬೇಸಿಗೆಯೊಳಗೆ ಪೂರ್ತಿ ಮಸುಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗ್ಗದ ಮೇಲಿದ್ದ ಅರ್ಧ ನೇಯ್ದ ಉಣ್ಣೆಯ ಹೊದಿಕೆಯೇ ಅವಳ ಕೊನೆಯದು. ಮಗ್ಗವನ್ನು ಬಿಚ್ಚಿದರೆ ಬಿಗಿದ ಹಾಸಿನ ದಾರಗಳು ಕೆಟ್ಟುಹೋಗುತ್ತವೆ; ಬಿಚ್ಚದೆ ಆ ಕಡಿದಾದ ಮೆಟ್ಟಿಲು ಹತ್ತಿಸಲಾಗದು. ಅವಳು ದಾರಗಳನ್ನು ಬೆರಳಲ್ಲೇ ತಡವುತ್ತ ನೇಯುತ್ತಿದ್ದಳು.

ಆರ್ಲಿನ್ ಈ ಸಲ ಚಳಿಗಾಲ ಕಳೆಯಲು ಬೆಚ್ಚಗಿನ ಅರಿಜೋನಾಗೆ ಹೋಗುವಾಗ ಮನೆಯ ಕೀಲಿಯನ್ನು ಇವನ ಕೈಗೇ ಕೊಟ್ಟಿದ್ದ. ಕಳ್ಳನಿಗೆ ಕೀಲಿ ಕೊಟ್ಟು ಥ್ಯಾಂಕ್ಸ್ ಹೇಳಿ ಹೋದವನು ಅವನೊಬ್ಬನೇ ಇರಬೇಕು. ಪಂಪಿನ ಪ್ಲಗ್ ಕಿತ್ತರೆ ಸಿಕ್ಕಿಬೀಳಬಹುದು. ಪೈಪಿನ ಬಾಯಿಗೆ ಹಿಮ ತುರುಕಿದರೆ? ಅದು ರಾತ್ರಿ ಗಟ್ಟಿಯಾಗುತ್ತದೆ, ನೀರು ತಳ್ಳಲಾರದೆ ಪಂಪು ಸುಟ್ಟುಹೋಗುತ್ತದೆ, ಆಮೇಲೆ ಬಿಸಿಲಿಗೆ ಸಾಕ್ಷಿಯೇ ಕರಗಿ ಹರಿದುಹೋಗುತ್ತದೆ. ಓಣಿಗೆ ನೀರಿಲ್ಲ. ಆರ್ಲಿನ್‌ನ ಮನೆಯೊಳಗೆ ಬೇಕಾದಷ್ಟು. ಒಂದೇ ಒಂದು ವಸಂತ ಅವನೂ ಅನುಭವಿಸಲಿ.

ಹಾಡಹಗಲೇ ಸಲಿಕೆ ಹಿಡಿದು ಹೋದ. ಹಿಮವನ್ನು ಪೈಪಿನೊಳಗೆ ತೋಳುದ್ದ ಜಡಿದ, ಮೇಲೆ ಒಂದು ಬಕೆಟ್ ನೀರು ಸುರಿದ. ಎದುರುಮನೆಯ ಮುದುಕಿ ಗುನ್‌ಹಿಲ್ಡ್ ಕಿಟಕಿ ತೆರೆದು ಕೂಗಿದಳು:

"ಊರಲ್ಲಿಲ್ಲದವನ ಮನೆಗೂ ದುಡೀತೀಯಲ್ಲೋ ಹಾಲ್ವರ್! ನನ್ನ ಮೆಟ್ಟಿಲೂ ಸ್ವಲ್ಪ ನೋಡಪ್ಪ. ಕಾಫಿ ಕೊಡ್ತೀನಿ."

ಅವಳ ಮೆಟ್ಟಿಲನ್ನೂ ಕೆರೆದು, ಕಾಫಿ ಕುಡಿದು, ಒಳ್ಳೆಯ ನೆರೆಯವನೆಂದು ಹೊಗಳಿಸಿಕೊಂಡೇ ಬಂದ.

ಮರುದಿನ ಬಿಸಿಲೇರಿತು. ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಆರ್ಲಿನ್‌ನ ನೆಲಮಾಳಿಗೆಗೆ ಇಳಿದರೆ ಪಂಪು ಸುಟ್ಟ ವಾಸನೆ. ಗುಂಡಿಯಲ್ಲಿ ನೀರು ಏರುತ್ತಿತ್ತು, ನೆಲವಿನ್ನೂ ಒಣಗಿತ್ತು. ನಾಳೆ ಉಕ್ಕುತ್ತದೆ ಎಂದುಕೊಂಡು ಶಿಳ್ಳೆ ಹಾಕುತ್ತ ಮನೆಗೆ ಬಂದ.

"ಹಾಲ್ವರ್, ಬೇಗ ಬಾರೋ!" ಕೆಳಗಿನಿಂದ ರಾಗ್ನಾ ಕೂಗಿದಳು. "ಇದೇನಿದು, ನನ್ನ ಕಾಲೆಲ್ಲ ತಣ್ಣಗಾಗ್ತಿದೆ!"

ಒಣಗುಂಡಿ ತುಂಬಿ ಉಕ್ಕಿತ್ತು. ಉಣ್ಣೆಯ ಉಂಡೆಗಳು ತೇಲುತ್ತಿದ್ದವು. ಬಕೆಟ್ಟಿನಲ್ಲಿ ಮೊಗೆದಷ್ಟೂ ನೀರು ಮೇಲೇರಿ, ನೇಯ್ದದ್ದನ್ನು ಸುತ್ತಿದ್ದ ಕೆಳಗಿನ ದಿಂಡನ್ನು ಮುಟ್ಟಿತು. ಅಂಗಡಿಗೆ ಫೋನ್ ಮಾಡಿದ. ಹಿಮ ಕರಗುವ ಈ ವಾರದಲ್ಲಿ ಜಿಲ್ಲೆಯಲ್ಲೆಲ್ಲೂ ಪಂಪು ಉಳಿದಿರಲಿಲ್ಲ. ಗುನ್‌ಹಿಲ್ಡ್‌ಳ ಅಳಿಯನೂ ಬಂದು ಮಗ್ಗಕ್ಕೆ ಕೈಹಾಕಿ ನೋಡಿದ. ಅದು ಜಗ್ಗಲಿಲ್ಲ. ರಾಗ್ನಾ ಮೊಣಕಾಲುದ್ದ ನೀರಿನಲ್ಲಿ ನಿಂತು ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಹಾಲ್ವರ್‌ಗೆ ಅಳು ಬಂತು.

ಆಗ ಫೋನ್ ಬಡಿದುಕೊಂಡಿತು. "ಅಲ್ಲಿ ಬಿಸಿಲು ಜೋರಂತಲ್ಲ," ಎಂದ ಆರ್ಲಿನ್, ಅರಿಜೋನಾದಿಂದ. "ನನ್ನ ಪಂಪು ಓಡ್ತಿದೆಯಾ, ಒಂದ್ಸಲ ನೋಡ್ಬಿಡು ಮಾರಾಯ. ನನಗೋಸ್ಕರ ಅಲ್ಲ, ನನ್ನ ನೆಲ ನಿಂದಕ್ಕಿಂತ ಎತ್ತರ, ಅಲ್ಲೀವರೆಗೂ ನೀರು ಬರಲ್ಲ. ನಮ್ಮಜ್ಜ, ಅವರ ತಮ್ಮ ಈ ಎರಡು ಮನೆ ಕಟ್ಟಿದಾಗ ಅಗೆಯೋ ಕೆಲಸ ಉಳಿಸೋಕೆ ನೆಲದಡಿ ಎರಡಕ್ಕೂ ಒಂದೇ ಮೋರಿ ಹಾಕಿದ್ರು. ನಿನ್ನ ಗುಂಡಿ ನೀರೆಲ್ಲ ಅದಕ್ಕಿಂತ ಆಳವಾಗಿರೋ ನನ್ನ ಗುಂಡಿಗೆ ಬರುತ್ತೆ, ಅದನ್ನೇ ಇಷ್ಟು ವರ್ಷ ಹೊರಗೆ ಹಾಕ್ತಿದೀನಿ. ಮಾಡಿದ್ದನ್ನ ಹೇಳ್ಕೊಂಡು ತಿರುಗೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."